ನಾಯಿಮರಿಗೂ ಒಂದು ಗೂಡು ಬೇಕು

ಕೊಟ್ಟಿಗೆ ಇಲ್ಲದೆ ಯಾರೂ ಹಸು ತರುವುದಿಲ್ಲ. ಗೂಡಿಲ್ಲದೆ ಕೋಳಿ ಸಾಕುವುದಿಲ್ಲ. ನಾಯಿಮರಿಯನ್ನು ಮಾತ್ರ ನೆಂಟರ ಮನೆಯಿಂದ ಬರುವಾಗ ಕೈಚೀಲದಲ್ಲಿ ಹಾಕಿಕೊಂಡು ಬಂದುಬಿಡುತ್ತೇವೆ. ಅದು ಎಲ್ಲಿ ಮಲಗಬೇಕೆಂಬ ಯೋಚನೆ ಬರುವುದು ರಾತ್ರಿ ಊಟವಾದ ಮೇಲೆ, ಮರಿ ಕುಂಯ್‌ಗುಟ್ಟಲು ತೊಡಗಿದಾಗ. ಆಗ ಕೈಗೆ ಸಿಕ್ಕಿದ ಹಗ್ಗ ಹಾಕಿ ಜಗಲಿಯ ಕಂಬಕ್ಕೆ ಕಟ್ಟುತ್ತೇವೆ.

ನಾನೂ ಹಾಗೆ ಮಾಡಿದವನೇ. ಕೆಲವು ವರ್ಷಗಳ ಹಿಂದೆ ತುಮಕೂರು ಜಿಲ್ಲೆಯ ಒಂದು ಹೋಬಳಿಯಲ್ಲಿ ಕೆಲಸದಲ್ಲಿದ್ದಾಗ ಎರಡು ತಿಂಗಳ ನಾಟಿ ಮರಿಯೊಂದನ್ನು ತಂದಿದ್ದೆ. ಮನೆಯ ಉಗ್ರಾಣದಲ್ಲಿ ಇಲಿಗಳ ಕಾಟವಿತ್ತು. ಊರೂರಿಗೆ ಹೋಗಿ ಇಲಿ ಪಾಷಾಣ ಬೆರೆಸುವ ಕ್ರಮ ಹೇಳಿಕೊಡುತ್ತಿದ್ದವನು ನಾನು. ಜಿಂಕ್ ಫಾಸ್ಫೈಡ್ ಬೆರೆಸಿದ ನುಚ್ಚನ್ನು ಪೊಟ್ಟಣ ಕಟ್ಟಿ ಮೂಲೆಯಲ್ಲಿಟ್ಟು ಬಾಗಿಲು ಎಳೆದುಕೊಂಡಿದ್ದೆ. ಮೂರನೆಯ ರಾತ್ರಿ ಮರಿ ಹಗ್ಗ ಕಡಿದು ಬಾಗಿಲ ಸಂದಿಯಲ್ಲಿ ಒಳಗೆ ನುಸುಳಿತ್ತು. ಬೆಳಿಗ್ಗೆ ನೋಡಿದಾಗ ವಾಂತಿ ಮಾಡುತ್ತಿತ್ತು. ಈ ವಿಷಕ್ಕೆ ನೇರವಾದ ಪ್ರತಿವಿಷವಿಲ್ಲ. ಪಶುವೈದ್ಯರು ಬರುವ ಹೊತ್ತಿಗೆ ಮರಿ ಸತ್ತಿತ್ತು. ನನ್ನ ಮಗಳು ಕೇಳಿದ್ದು ಒಂದೇ ಮಾತು: “ರಾತ್ರಿ ಹೊತ್ತು ಅದನ್ನ ಎಲ್ಲಾದ್ರೂ ಒಳಗೆ ಮುಚ್ಚಿಡೋಕೆ ಆಗ್ತಿರಲಿಲ್ವಾ ಅಪ್ಪಾ?”

ಆಗುತ್ತಿತ್ತು. ಮರುವರ್ಷ ಇನ್ನೊಂದು ಮರಿ ತರುವ ಮೊದಲು ಬಡಗಿಯಿಂದ ಒಂದು ಪೆಟ್ಟಿಗೆ ಮಾಡಿಸಿದೆ. ಪೇಟೆಯಲ್ಲಿ ಇದಕ್ಕೆ ‘ಕ್ರೇಟ್’ ಎನ್ನುತ್ತಾರೆ. ನಾವು ಗೂಡು ಎನ್ನೋಣ. ಮರಿಯನ್ನು ಗೂಡಿಗೆ ರೂಢಿ ಮಾಡಿಸುವ ಕ್ರಮವನ್ನು ಇಲ್ಲಿ ತಿಳಿಸುತ್ತೇನೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಎರಡು ವಾರದ ತಾಳ್ಮೆ ಬೇಕು.

ನಾಯಿಯ ಸ್ವಭಾವ

ಹೆಣ್ಣುನಾಯಿ ಮರಿ ಹಾಕುವ ಜಾಗವನ್ನು ನೀವು ನೋಡಿರುತ್ತೀರಿ. ಹುಲ್ಲಿನ ಮೆದೆಯ ಪೊಳ್ಳು, ಕಣಜದ ಅಡಿ, ಮುರಿದ ಗಾಡಿಯ ಕೆಳಗಿನ ಮೂಲೆ. ಮೂರು ಕಡೆ ಮರೆ, ಒಂದು ಕಡೆ ಬಾಗಿಲು, ಒಳಗೆ ಅರೆಗತ್ತಲೆ. ಮರಿಗಳು ಚಿಕ್ಕವಿರುವಾಗ ತಾಯಿಯೇ ನೆಕ್ಕಿ ಜಾಗವನ್ನು ಚೊಕ್ಕಟವಾಗಿಡುತ್ತದೆ. ಮೂರು ವಾರ ತುಂಬಿ ಕಾಲು ಬಲಿತ ಮೇಲೆ ಮರಿಗಳು ತಾವಾಗಿಯೇ ಮಲಗುವ ಜಾಗ ಬಿಟ್ಟು ಹೊರಗೆ ತೆವಳಿ ಉಚ್ಚೆ ಮಾಡುತ್ತವೆ.

ಈ ಎರಡು ಗುಣಗಳೇ ನಮಗೆ ಆಧಾರ: ಮರೆಯಾದ ಜಾಗದಲ್ಲಿ ನೆಮ್ಮದಿಯಾಗಿ ಮಲಗುವುದು ಮತ್ತು ಮಲಗುವ ಜಾಗವನ್ನು ಹೊಲಸು ಮಾಡದಿರುವುದು. ಕತ್ತಿಗೆ ಹಗ್ಗ ಬಿಗಿದು ಬಯಲಲ್ಲಿ ಕಟ್ಟಿದ ಮರಿಗೆ ಈ ಎರಡೂ ತಪ್ಪುತ್ತವೆ. ಕಟ್ಟಿದ ಜಾಗದಲ್ಲೇ ಹೇತು ಅಲ್ಲೇ ಮಲಗಿ, ಅದಕ್ಕೆ ಆ ಹೇಸಿಗೆಯೂ ಹೋಗಿಬಿಡುತ್ತದೆ.

ಗೂಡು ಹೇಗಿರಬೇಕು?

ನಾಯಿ ಬೆಳೆದ ಮೇಲೂ ಒಳಗೆ ನೆಟ್ಟಗೆ ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗವಿರಬೇಕು. ಸಾಮಾನ್ಯ ನಾಟಿ ನಾಯಿಗೆ 3 ಅಡಿ ಉದ್ದ, 2 ಅಡಿ ಅಗಲ, ಎರಡೂವರೆ ಅಡಿ ಎತ್ತರ ಸಾಕು. ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿ ಇನ್ನೂ ಎತ್ತರ ಬೆಳೆಯುವುದರಿಂದ ಅದಕ್ಕೆ ಎಲ್ಲ ಅಳತೆಯನ್ನೂ ಅರ್ಧ ಅಡಿಗೆ ಕಡಿಮೆಯಿಲ್ಲದಂತೆ ಹೆಚ್ಚಿಸಿ.

ಆದರೆ ಚಿಕ್ಕ ಮರಿಗೆ ಅಷ್ಟು ದೊಡ್ಡ ಗೂಡನ್ನು ಇಡಿಯಾಗಿ ಬಿಟ್ಟುಕೊಡಬಾರದು. ಒಂದು ಮೂಲೆಯಲ್ಲಿ ಉಚ್ಚೆ ಮಾಡಿ ಇನ್ನೊಂದು ಮೂಲೆಯಲ್ಲಿ ಮಲಗುವುದನ್ನು ಕಲಿಯುತ್ತದೆ. ಆದ್ದರಿಂದ ಒಳಗೆ ಒಂದು ಅಡ್ಡಹಲಗೆ ಕೊಟ್ಟು, ಮರಿ ಬೆಳೆದಂತೆ ಅದನ್ನು ಹಿಂದಕ್ಕೆ ಸರಿಸುತ್ತಾ ಬನ್ನಿ.

ಪಟ್ಟಿಗಳ ನಡುವೆ ಗಾಳಿಗಾಗಿ ಒಂದು ಅಂಗುಲಕ್ಕೆ ಮೀರದ ಸಂದಿಯಿರಲಿ. ಹೆಚ್ಚಾದರೆ ಮೂತಿಯೋ ಕಾಲೋ ಸಿಕ್ಕಿಕೊಳ್ಳುತ್ತದೆ. ಮೊಳೆಯ ತುದಿ ಒಳಗೆ ಚಾಚಿರಬಾರದು. ಗೊಬ್ಬರ, ಕೀಟನಾಶಕ ತುಂಬಿದ್ದ ಪೆಟ್ಟಿಗೆಯನ್ನು ಎಷ್ಟೇ ತೊಳೆದರೂ ಬಳಸಬೇಡಿ. ಮರಿ ಮರವನ್ನು ಕಡಿಯುತ್ತದೆ. ಒಳಗೆ ಒಗೆದ ಗೋಣಿತಾಟು ಹಾಸಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ. ಹೊಲಸಾದರೆ ಸೋಪು ನೀರಿನಲ್ಲಿ ತೊಳೆದು ಒಣಗಿಸಿ. ಗೂಡಿಗೆ ಫಿನೈಲ್ ಬೇಡ, ಮರಿಯ ಮೈಗೆ ಅದು ವಿಷ.

ಎಲ್ಲಿ ಇಡಬೇಕು?

ರಾತ್ರಿ ಮನೆಯವರು ಮಲಗುವ ಕೋಣೆಯಲ್ಲಿ, ಇಲ್ಲವೇ ಬಾಗಿಲು ಭದ್ರವಾಗಿರುವ ನಡುಮನೆಯಲ್ಲಿ ಇಡಿ. ತಗಡಿನ ಸೂರಿನ ಕೆಳಗೆ ಹಗಲಲ್ಲಿ ಇಡಬೇಡಿ. ಬಿಸಿಲ ಕಾವಿಗೆ ಮುಚ್ಚಿದ ಗೂಡಿನಲ್ಲಿ ಮರಿ ಸತ್ತೇ ಹೋಗಬಹುದು.

ಚಿರತೆ ಓಡಾಡುವ ಕಡೆ ರಾತ್ರಿ ನಾಯಿಯನ್ನು ಹೊರಗೆ ಕಟ್ಟುವುದೆಂದರೆ ಚಿರತೆಗೆ ಊಟ ಕಟ್ಟಿಟ್ಟಂತೆ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕಬ್ಬಿನ ಸೀಮೆಯಲ್ಲಿ ಚಿರತೆಯ ಲದ್ದಿ ಪರೀಕ್ಷಿಸಿ ನೋಡಿದಾಗ, ಅದರ ಆಹಾರದಲ್ಲಿ ದೊಡ್ಡ ಪಾಲು ಸಾಕುನಾಯಿ ಮತ್ತು ಬೀದಿನಾಯಿಗಳದೇ ಎಂದು ಕಂಡುಬಂದಿತು. ತುಮಕೂರು, ಮೈಸೂರು, ಮಂಡ್ಯ ಜಿಲ್ಲೆಗಳ ಗುಡ್ಡದಂಚಿನ ಊರುಗಳವರಿಗೆ ಇದನ್ನು ಹೇಳಬೇಕಾಗಿಲ್ಲ. ನಾಯಿಯ ಆಸೆಗೆ ಬಂದ ಚಿರತೆಗೆ ಮನೆಯ ದಾರಿ ಗೊತ್ತಾದರೆ ಮುಂದೆ ಕುರಿ, ಕರುಗಳಿಗೂ ಅಪಾಯ. ಮನೆಯೊಳಗಿರುವ ನಾಯಿಯೂ ಹೊರಗಿನ ಸದ್ದಿಗೆ ಬೊಗಳಿ ನಿಮ್ಮನ್ನು ಎಬ್ಬಿಸುತ್ತದೆ. ಕಾವಲಿಗೆ ಅಷ್ಟು ಸಾಕು.

ರೂಢಿ ಮಾಡಿಸುವ ಕ್ರಮ

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬೇಡಿ. ತಂದ ಮೇಲೆ ಹೀಗೆ ಮಾಡಿ:

ಮೊದಲ ಎರಡು ದಿನ ಹಗಲಲ್ಲಿ ಗೂಡಿನ ಬಾಗಿಲನ್ನು ತೆರೆದು, ಬಡಿದುಕೊಳ್ಳದಂತೆ ಹಿಂದಕ್ಕೆ ಕಟ್ಟಿಡಿ. ಮುದ್ದೆಯ ತುಣುಕು, ಬೇಯಿಸಿದ ಮೊಟ್ಟೆಯ ಚೂರು, ಇಂಥದನ್ನು ಮೊದಲು ಹೊಸ್ತಿಲಲ್ಲಿ, ಆಮೇಲೆ ಒಳಗೆ ಹಾಕಿ. ಈರುಳ್ಳಿ ಹಾಕಿದ ಸಾರು ಬೇಡ. ಮರಿ ತಾನಾಗಿ ಒಳಗೆ ಹೋಗಬೇಕು, ನೀವು ತಳ್ಳಬಾರದು. ಹೋದಾಗಲೆಲ್ಲ “ಗೂಡು” ಎಂದು ಒಂದೇ ಮಾತನ್ನು ಹೇಳಿ.

ಮೂರನೆಯ ದಿನ ಊಟದ ತಟ್ಟೆಯನ್ನು ಒಳಗಿಟ್ಟು, ಮರಿ ತಿನ್ನುವಾಗ ಬಾಗಿಲು ಮುಚ್ಚಿ, ತಿಂದು ಮುಗಿಸುವ ಮೊದಲೇ ತೆರೆಯಿರಿ. ಮಾರನೆಯ ದಿನ ಐದು ನಿಮಿಷ, ಆಮೇಲೆ ಹತ್ತು, ವಾರದ ಕೊನೆಗೆ ಅರ್ಧ ಗಂಟೆ. ಮೊದಮೊದಲು ಎದುರಿಗೇ ಕುಳಿತು ನಿಮ್ಮ ಕೆಲಸ ಮಾಡಿಕೊಳ್ಳಿ. ಆಮೇಲೆ ಎದ್ದು ಹೋಗಿ ಬನ್ನಿ.

ಮೊದಲ ರಾತ್ರಿಗಳಲ್ಲಿ ಗೂಡನ್ನು ನಿಮ್ಮ ಹಾಸಿಗೆಯ ಪಕ್ಕದಲ್ಲೇ ಇಡಿ. ಒಡಹುಟ್ಟಿದ ಮರಿಗಳ ಮೈಶಾಖ ತಪ್ಪಿದೆ. ಅದು ಅಳುವುದು ಹಟಕ್ಕಲ್ಲ. ಸಂದಿಯಲ್ಲಿ ಬೆರಳು ಇಟ್ಟರೆ ಮೂಸಿ ಮಲಗುತ್ತದೆ. ಮಲಗುವ ಮುನ್ನ ಕೊರಳಪಟ್ಟಿ ಬಿಚ್ಚಿ. ಅದು ಪಟ್ಟಿಗೆ ಸಿಕ್ಕಿ ಉಸಿರು ಕಟ್ಟುವುದುಂಟು.

ಅಳುವನ್ನು ತಿಳಿಯಿರಿ

ಚೆನ್ನಾಗಿ ಮಲಗಿದ್ದ ಮರಿ ನಡುರಾತ್ರಿ ಎದ್ದು ಸುತ್ತುತ್ತಾ ಅತ್ತರೆ ಉಚ್ಚೆಗೆ ಎಂದು ತಿಳಿಯಿರಿ. ಎತ್ತಿಕೊಂಡು ಹೋಗಿ, ಉಚ್ಚೆ ಮಾಡಿಸಿ, ಆಟವಾಡಿಸದೆ ವಾಪಸು ಬಿಡಿ. ಬಾಗಿಲು ಮುಚ್ಚಿದ ಕೂಡಲೇ ಸುಮ್ಮನೆ ಗೊಣಗಿದರೆ ಕ್ಷಣ ಕಾಯಿರಿ. ಸದ್ದು ನಿಂತಾಗ ತೆರೆಯಿರಿ. ಕೂಗುವಾಗಲೇ ತೆರೆದರೆ ಕೂಗುವುದನ್ನೇ ಕಲಿಸಿದಂತಾಗುತ್ತದೆ. ಆದರೆ ಮರಿ ಜೊಲ್ಲು ಸುರಿಸುತ್ತಾ, ಪಟ್ಟಿಗಳನ್ನು ಕಡಿಯುತ್ತಾ ಒದ್ದಾಡಿದರೆ ಅದು ಭಯ. ನೀವು ಅವಸರ ಮಾಡಿದ್ದೀರಿ ಎಂದರ್ಥ. ಬಾಗಿಲು ತೆರೆದು ಮೊದಲ ದಿನದ ಪಾಠಕ್ಕೆ ಹಿಂದಿರುಗಿ.

ಎಷ್ಟು ಹೊತ್ತು ಮುಚ್ಚಿಡಬಹುದು?

ಹಗಲಲ್ಲಿ ಮರಿಯ ತಿಂಗಳಿಗೆ ಒಂದು ಕೂಡಿಸಿ, ಅಷ್ಟು ಗಂಟೆಗೆ ಮೀರಬಾರದು. ಎರಡು ತಿಂಗಳ ಮರಿಗೆ ಮೂರು ಗಂಟೆ, ಮೂರು ತಿಂಗಳದಕ್ಕೆ ನಾಲ್ಕು. ಇದು ಹೆಚ್ಚೆಂದರೆ ಮಾತ್ರ. ಇದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು. ರಾತ್ರಿ ನಿದ್ದೆಯಲ್ಲಿ ಇನ್ನೂ ಸ್ವಲ್ಪ ತಡೆಯುತ್ತದೆ. ಆದರೂ ಮೊದಲ ವಾರಗಳಲ್ಲಿ ಒಂದೆರಡು ಸಲ ನೀವು ಏಳಲೇಬೇಕು. ಮನೆಯವರೆಲ್ಲ ಕಳೆಗೋ ಕೊಯ್ಲಿಗೋ ಹೋಗಿ ಮರಿಯನ್ನು ಬೆಳಗಿನಿಂದ ಸಂಜೆಯವರೆಗೆ ಮುಚ್ಚಿಟ್ಟರೆ ಅದು ಗೂಡಲ್ಲ, ಸೆರೆಮನೆ. ಅಂಥ ದಿನ ಪಕ್ಕದ ಮನೆಯ ಅಜ್ಜಿಗೆ ಹೇಳಿಹೋಗಿ, ಇಲ್ಲವೇ ಹಿತ್ತಲಲ್ಲಿ ನೆರಳಿರುವ ಕಡೆ ಭದ್ರವಾದ ಬೇಲಿ ಮಾಡಿ ಬಿಡಿ.

ಮಲಗಿ ಎದ್ದಾಗ, ಉಂಡು ಹತ್ತು ಹದಿನೈದು ನಿಮಿಷಕ್ಕೆ, ಆಟವಾಡಿದ ಮೇಲೆ, ಈ ಮೂರು ಹೊತ್ತು ತಪ್ಪದೆ ಹೊರಗೆ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಕೆಲಸ ಮುಗಿದ ಕೂಡಲೇ ಅಲ್ಲೇ ಬೆನ್ನು ಸವರಿ. ಮನೆಯೊಳಗೆ ಹೊಲಸು ಮಾಡಿದರೆ ಮೂತಿ ಉಜ್ಜುವುದು, ಹೊಡೆಯುವುದು ಬೇಡ. ಮರಿ ಕಲಿಯುವುದು ನಿಮ್ಮನ್ನು ಕಂಡರೆ ಅಡಗುವುದನ್ನು ಮಾತ್ರ. ನಾಯಿಯ ಮಲದಲ್ಲಿ ಜಂತುವಿನ ಮೊಟ್ಟೆಗಳಿರುತ್ತವೆ. ಬರಿಗಾಲಲ್ಲಿ ಮಕ್ಕಳು ಆಡುವ ಕಡೆ, ಸೊಪ್ಪಿನ ಮಡಿಯ ಹತ್ತಿರ ಅದು ಬೀಳದಿರಲಿ. ಗುಂಡಿ ತೆಗೆದು ಮುಚ್ಚಿ.

ಮಕ್ಕಳಿಗೆ ಒಂದು ಕಟ್ಟುಪಾಡು

ಗೂಡಿನೊಳಗಿರುವ ಮರಿಯನ್ನು ಯಾರೂ ಮುಟ್ಟಬಾರದು, ಕಡ್ಡಿಯಿಂದ ತಿವಿಯಬಾರದು, ಕಾಲು ಹಿಡಿದು ಎಳೆಯಬಾರದು. ಈ ಒಂದು ಕಟ್ಟುಪಾಡಿನಿಂದ ಎಷ್ಟೋ ಕಡಿತಗಳು ತಪ್ಪುತ್ತವೆ. ತಪ್ಪು ಮಾಡಿದ ಮರಿಯನ್ನು ಶಿಕ್ಷೆಗೆಂದು ಗೂಡಿಗೆ ನೂಕುವುದೂ ಬೇಡ.

ಮರಿ ತಾನೇ ಎಂದು ಅದರ ಕಡಿತವನ್ನು ಅಸಡ್ಡೆ ಮಾಡಬೇಡಿ. ಮರಿಯಿಂದಲೂ ಹುಚ್ಚುನಾಯಿ ರೋಗ ಬರಬಹುದು. ರೋಗ ಕಾಣಿಸಿಕೊಂಡ ಮೇಲೆ ಬದುಕುವುದಿಲ್ಲ. ಹಲ್ಲು ತಾಗಿದರೆ, ಉಗುರು ಗೀರಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ನೇರವಾಗಿ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಮೆತ್ತಿ ಹೊತ್ತು ಕಳೆಯಬೇಡಿ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಗಡುವಿಗೆ ತಪ್ಪದೆ ಹಾಕಿಸುತ್ತಾ ಬನ್ನಿ. ರಕ್ತಭೇದಿ ತರುವ ಪಾರ್ವೊ ರೋಗದ ಲಸಿಕೆ ಆರರಿಂದ ಎಂಟು ವಾರಕ್ಕೇ ಮೊದಲಾಗಬೇಕು. ಆ ಲಸಿಕೆಗಳು ಮುಗಿಯುವವರೆಗೆ ಬೀದಿನಾಯಿಗಳ ಜೊತೆ ಬಿಡಬೇಡಿ. ಜಂತುವಿನ ಔಷಧಿಯನ್ನೂ ಆಗಲೇ ಕೇಳಿ ಪಡೆಯಿರಿ.

ಉಣ್ಣೆಗೆಂದು ಬೆಳೆಗೆ ಹೊಡೆಯುವ ಔಷಧಿಯನ್ನು ಮರಿಗೆ ಬಳಿಯುವವರಿದ್ದಾರೆ. ಖಂಡಿತ ಕೂಡದು. ನಾಯಿ ಮೈ ನೆಕ್ಕಿಕೊಂಡು ವಿಷವೇರಿ ಸಾಯುತ್ತದೆ.

ದೊಡ್ಡದಾದ ಮೇಲೆ

ಒಮ್ಮೆ ಹೊಲದ ಬದುವಿನಲ್ಲಿ ಈ ಮಾತು ಬಂದಾಗ ಒಬ್ಬ ಹಿರಿಯರು ನಕ್ಕರು. “ಏನ್ ಸ್ವಾಮಿ, ನಾಯಿಗೂ ಮನೆ ಕಟ್ಟಿಸಬೇಕಾ? ನಮ್ಮಪ್ಪನ ಕಾಲದಲ್ಲಿ ನಾಯಿ ಬೀದೀಲೇ ಬೆಳೀತಿತ್ತು” ಎಂದರು. “ಎಷ್ಟು ಮರಿ ತಂದಿದ್ರಿ ಯಜಮಾನ್ರೇ, ಎಷ್ಟು ಉಳಿದಾವೆ?” ಎಂದು ಕೇಳಿದೆ. ಅವರು ಬೆರಳು ಮಡಿಸಿದರು. ಒಂದು ಲಾರಿಗೆ ಸಿಕ್ಕಿತ್ತು, ಒಂದು ರಕ್ತಭೇದಿಗೆ ಹೋಗಿತ್ತು, ಎರಡು ಚಿರತೆಯ ಪಾಲು. ಐದನೆಯದು ಅವರ ಕಾಲ ಬಳಿ ಮಲಗಿತ್ತು. ಮುಂದಿನ ತಿಂಗಳು ಆ ಊರಿಗೆ ಹೋದಾಗ ಅವರ ನಡುಮನೆಯಲ್ಲಿ ಹಳೆಯ ಹೊಗೆಸೊಪ್ಪಿನ ಪೆಟ್ಟಿಗೆಯೊಂದು ಅಡ್ಡಲಾಗಿ ಇತ್ತು. ಹೊಗೆಸೊಪ್ಪೂ ನಾಯಿಗೆ ವಿಷವೇ ಎಂದು ಹೇಳಿ ಬೇರೆ ಪೆಟ್ಟಿಗೆ ಇಡಿಸಿದೆ.

ಆರೇಳು ತಿಂಗಳಾಗಿ ನಡತೆ ಕಲಿತ ಮೇಲೆ ಭದ್ರವಾದ ಮನೆಯೊಳಗೆ ಗೂಡಿನ ಬಾಗಿಲು ಮುಚ್ಚುವ ಅಗತ್ಯವಿರುವುದಿಲ್ಲ. ಆದರೆ ಗೂಡನ್ನು ತೆಗೆಯಬೇಡಿ. ತೋಟಕ್ಕೆ ಔಷಧಿ ಹೊಡೆಯುವ ದಿನ, ಇಲಿ ಪಾಷಾಣ ಇಟ್ಟ ರಾತ್ರಿ, ಕಣದಲ್ಲಿ ಯಂತ್ರ ಓಡುವಾಗ, ದೀಪಾವಳಿಯ ಪಟಾಕಿಗೆ ನಾಯಿ ನಡುಗುವಾಗ, ಪಶುವೈದ್ಯರಲ್ಲಿಗೆ ಟೆಂಪೋದಲ್ಲಿ ಒಯ್ಯುವಾಗ ಅದು ನೆರವಿಗೆ ಬರುತ್ತದೆ.

ನಮ್ಮ ಎರಡನೆಯ ಮರಿ ಈಗ ದೊಡ್ಡ ನಾಯಿ. ರಾತ್ರಿ ಊಟದ ತಟ್ಟೆಗಳ ಸದ್ದು ಅಡಗಿದ ಮೇಲೆ ಯಾರೂ ಹೇಳದೆ ತಾನಾಗಿ ಗೂಡಿಗೆ ಹೋಗಿ ಮಲಗುತ್ತದೆ. ಉಗ್ರಾಣದ ಬಾಗಿಲಿಗೆ ಚಿಲಕವನ್ನೂ ಹಾಕಿಸಿದ್ದೇನೆ. ನೀವು ಮರಿ ತರುವುದಿದ್ದರೆ, ತರುವ ಹಿಂದಿನ ವಾರವೇ ಬಡಗಿಗೆ ಅಳತೆ ಕೊಡಿ.