ಬೆಟ್ಟದೊಳಗೆ ಸತ್ತವರ ಹೆಸರು: ಮಾರ್ಮನ್ನರು ಯಾರು?

ಅಮೆರಿಕದ ಯೂಟಾ ರಾಜ್ಯ.
ಗ್ರಾನೈಟ್ ಬೆಟ್ಟ ಕೊರೆದು ಕಟ್ಟಿದ ಉಗ್ರಾಣ.
ಒಳಗೆ ಏನಿದೆ ಗೊತ್ತಾ?
ಸತ್ತವರ ಹೆಸರುಗಳು!

ಇಟ್ಟವರು ಮಾರ್ಮನ್ನರು.

1830, ನ್ಯೂಯಾರ್ಕ್ ರಾಜ್ಯ.
ಜೋಸೆಫ್ ಸ್ಮಿತ್, ರೈತನ ಮಗ, ವಯಸ್ಸು 24.
ದೇವದೂತ ತೋರಿಸಿದ ಚಿನ್ನದ ತಗಡುಗಳ ಬರಹ ಇದು ಅಂತ
ಪುಸ್ತಕವೊಂದನ್ನು ಅಚ್ಚು ಹಾಕಿಸಿದ: 'ಬುಕ್ ಆಫ್ ಮಾರ್ಮನ್'.
ಮಾರ್ಮನ್, ಅದರೊಳಗಿನ ಒಬ್ಬ ಪ್ರವಾದಿ.
ನಂಬದವರು ಅವನ ಅನುಯಾಯಿಗಳನ್ನು ಆ ಹೆಸರಲ್ಲೇ ಹಂಗಿಸಿದರು. ಅದೇ ಅಂಟಿಕೊಂಡಿತು.

ಅವರ ಚರ್ಚಿನ ಅಧಿಕೃತ ಹೆಸರು?
'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್'.
ಒಂದೇ ಉಸಿರಲ್ಲಿ ಹೇಳಿ ನೋಡೋಣ!
2018ರಲ್ಲಿ ಚರ್ಚೇ ಕೇಳಿಕೊಂಡಿತು, ಮಾರ್ಮನ್ ಅನ್ನಬೇಡಿ ಅಂತ.
ತನ್ನ ಪ್ರಸಿದ್ಧ ಗಾಯನವೃಂದದ ಹೆಸರಿನಿಂದಲೂ ಆ ಪದ ತೆಗೆಯಿತು.

1844ರಲ್ಲಿ ಗುಂಪೊಂದು ಜೈಲಿಗೇ ನುಗ್ಗಿ ಸ್ಮಿತ್‌ನನ್ನು ಕೊಂದಿತು.
ಅವನ ನಂತರ ಮುಂದಾಳಾದ ಬ್ರಿಗಮ್ ಯಂಗ್ ಜನರನ್ನು ಪಶ್ಚಿಮಕ್ಕೆ ನಡೆಸಿದ.
1847ಕ್ಕೆ ಯೂಟಾದ ಸಾಲ್ಟ್ ಲೇಕ್ ಕಣಿವೆ.
ಬಹುಪತ್ನಿತ್ವ? ಇತ್ತು. ಕೈಬಿಡುವ ಘೋಷಣೆ ಬಂದದ್ದು 1890ರಲ್ಲಿ.

ಇನ್ನು ಬೆಟ್ಟದೊಳಗಿನ ಆ ಹೆಸರುಗಳು.
ತೀರಿಹೋದ ಹಿರಿಯರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯಬಹುದು,
ಇದು ಅವರ ನಂಬಿಕೆ.
ಅದಕ್ಕೆ ಹಿರಿಯರ ಹೆಸರು ಬೇಕಲ್ಲ?
ನಮ್ಮ ಹೆಳವರು ಮನೆಬಾಗಿಲಿಗೆ ಬಂದು ವಂಶಾವಳಿ ಹೇಳುತ್ತಾರಲ್ಲ,
ಆ ಕೆಲಸವನ್ನು ಇವರು ಇಡೀ ಜಗತ್ತಿಗೆ ಹಬ್ಬಿಸಿದರು.
ದೇಶದೇಶಗಳ ದಾಖಲೆ ಫಿಲ್ಮಿಗೆ ಇಳಿಸಿದರು.
ಇವತ್ತು ಫ್ಯಾಮಿಲಿಸರ್ಚ್ ಜಾಲತಾಣದಲ್ಲಿ ಹುಡುಕಬಹುದು. ಉಚಿತ.

ಅತಿಯೂ ಆಯಿತು.
ನಾಜಿಗಳು ಕೊಂದ ಯಹೂದಿಗಳ ಹೆಸರಿಗೂ ದೀಕ್ಷಾಸ್ನಾನ ಮಾಡಿಸಿದರು.
ಯಹೂದಿಗಳು ಸಿಟ್ಟಾದರು. ಸಿಟ್ಟು ನ್ಯಾಯವೇ.
1995ರಲ್ಲಿ ಚರ್ಚ್ ನಿಲ್ಲಿಸಲು ಒಪ್ಪಿತು.

ಅಂದಹಾಗೆ, ಭಾರತದ ತಮ್ಮ ಮೊದಲ ದೇಗುಲಕ್ಕೆ ಅವರು ಆರಿಸಿದ ಊರು ಬೆಂಗಳೂರು.
ಘೋಷಣೆಯಾದದ್ದು 2018ರಲ್ಲಿ.