ಬರೆದದ್ದನ್ನು ಒಮ್ಮೆ ಕೇರಿ ನೋಡಿ

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಸಾಮ್ರಾಟ ಅಶೋಕನ ಶಾಸನಗಳಿವೆ. ಕ್ರಿ.ಪೂ. 3ನೆಯ ಶತಮಾನದ್ದು, ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮೀ. 'ದೇವಾನಾಂಪ್ರಿಯ' ಎಂಬ ಬಿರುದಿನ ಅರಸ ಅಶೋಕನೇ ಎಂದು ಹೆಸರಿಟ್ಟು ಹೇಳುವ ಶಾಸನಗಳು ದೇಶದಲ್ಲೇ ಕೆಲವು ಮಾತ್ರ. ಮಸ್ಕಿಯ ಜೊತೆಗೆ ಇವೆರಡೂ ಆ ಸಾಲಿನಲ್ಲಿ ಸೇರುತ್ತವೆ.

ಇಷ್ಟು ಇತಿಹಾಸದ ವಿದ್ಯಾರ್ಥಿಗಳಿಗೆ ಗೊತ್ತು. ಆದರೆ ಬರಹ ಎಷ್ಟು ಉದ್ದವಿರಬೇಕು ಎಂಬುದನ್ನು ಅಶೋಕ ಯೋಚಿಸಿದ್ದ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಂತಿಲ್ಲ. ಅವನ 14ನೆಯ ಬಂಡೆಶಾಸನದ ವಿಷಯವೇ ಅದು. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ ಸಿಕ್ಕ ಕಲ್ಲಿನ ಮೇಲೂ ಅದರ ಪಾಠವಿದೆ. ಅದರ ತಾತ್ಪರ್ಯ ಹೀಗೆ: ಕೆಲವು ಕಡೆ ಚಿಕ್ಕದಾಗಿ, ಕೆಲವು ಕಡೆ ಮಧ್ಯಮವಾಗಿ, ಕೆಲವು ಕಡೆ ವಿಸ್ತಾರವಾಗಿ ಬರೆಸಿದ್ದೇನೆ, ಎಲ್ಲವೂ ಎಲ್ಲ ಕಡೆಗೂ ಹೊಂದುವುದಿಲ್ಲ. ಕೆಲವನ್ನು ಮತ್ತೆ ಮತ್ತೆ ಹೇಳಿದ್ದರೆ ವಿಷಯದ ಸವಿಗಾಗಿ, ಜನ ಅದರಂತೆ ನಡೆಯಲೆಂದು. ಎಲ್ಲಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳ ಕಾರಣವಿರಬಹುದು, ಬರೆದವನ ತಪ್ಪೂ ಇರಬಹುದು.

ಕಲ್ಲಿನಲ್ಲಿ ಒಂದೊಂದು ಅಕ್ಷರಕ್ಕೂ ಉಳಿಪೆಟ್ಟು ಬೇಕು. ಹಾಳೆಗೆ ಆ ಕಷ್ಟವಿಲ್ಲ. ಪರೀಕ್ಷೆ ಮುಗಿಸಿ ಬಂದ ಮಗುವಿಗೆ ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ, 'ಎಷ್ಟು ಹಾಳೆ ಬರೆದೆ?' ಏನು ಬರೆದೆ ಎಂಬುದು ಆಮೇಲಿನ ಮಾತು. ಹಾಳೆ ತುಂಬಿಸಿದರೆ ಅಂಕ ತುಂಬುತ್ತದೆಂಬ ನಂಬಿಕೆ ಪ್ರಾಥಮಿಕ ಶಾಲೆಯಿಂದಲೇ ಬೇರೂರಿರುತ್ತದೆ. ಅದರ ಬಿಸಿ ತಟ್ಟುವುದು ತಡವಾಗಿ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯ ಸಾಮಾನ್ಯ ಅಧ್ಯಯನ ಪತ್ರಿಕೆಗಳಲ್ಲಿ 10 ಅಂಕದ ಉತ್ತರಕ್ಕೆ 150 ಪದ, 15 ಅಂಕದ್ದಕ್ಕೆ 250 ಪದ. ಹದಿನೈದು ವರ್ಷ ಹಾಳೆ ತುಂಬಿಸಿ ಪಳಗಿದ ಕೈ ಅಲ್ಲಿ ತಡವರಿಸುತ್ತದೆ. ಪೀಠಿಕೆ ಮುಗಿಯುವಷ್ಟರಲ್ಲಿ ಪದಗಳೇ ಮುಗಿದಿರುತ್ತವೆ.

ಒಂದು ಉದಾಹರಣೆ ನೋಡಿ. ಊರಿನ ಕೋಟೆಯ ಬಗ್ಗೆ ಪ್ರಬಂಧ ಬರೆಯಲು ಹೇಳಿದರೆ ಬರುವ ಆರಂಭ ಸಾಮಾನ್ಯವಾಗಿ ಈ ಬಗೆಯದು: 'ಬಳ್ಳಾರಿ ಕೋಟೆಯು ಬಳ್ಳಾರಿ ನಗರದಲ್ಲಿರುವ ಒಂದು ಅತ್ಯಂತ ಪ್ರಮುಖವಾದ ಹಾಗೂ ಮಹತ್ವಪೂರ್ಣವಾದ ಐತಿಹಾಸಿಕ ಸ್ಥಳವಾಗಿದೆ ಎಂದು ಹೇಳಬಹುದಾಗಿದೆ. ಈ ಕೋಟೆಯು ಒಂದು ದೊಡ್ಡದಾದ ಬಂಡೆಗಲ್ಲಿನ ಬೆಟ್ಟದ ಮೇಲ್ಭಾಗದಲ್ಲಿ ಕಟ್ಟಲ್ಪಟ್ಟಿರುತ್ತದೆ.'

ಒಟ್ಟು 21 ಪದ. ಬಳ್ಳಾರಿ ಕೋಟೆ ಬಳ್ಳಾರಿಯಲ್ಲಿದೆ ಎಂದು ಯಾರಿಗೂ ಹೇಳಬೇಕಾಗಿಲ್ಲ. ಪ್ರಮುಖ, ಮಹತ್ವಪೂರ್ಣ ಎರಡೂ ಒಂದೇ. 'ಎಂದು ಹೇಳಬಹುದಾಗಿದೆ' ಎಂದರೆ ಹೇಳುವವರಿಗೇ ನಂಬಿಕೆ ಇಲ್ಲವೆಂದಾಯಿತು. ಇನ್ನು 'ಕಟ್ಟಲ್ಪಟ್ಟಿರುತ್ತದೆ' ಎಂಬುದು ಇಂಗ್ಲಿಷಿನ ಅಚ್ಚಿನಲ್ಲಿ ಎರಕ ಹೊಯ್ದ ಕನ್ನಡ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಮೇಲಾಗಿ ಅದು ಕಟ್ಟಿದವನನ್ನೇ ಮುಚ್ಚಿಡುತ್ತದೆ. ಎಲ್ಲ ಕೇರಿದ ಮೇಲೆ ಮೊರದಲ್ಲಿ ಉಳಿಯುವುದು 'ಬಳ್ಳಾರಿ ಕೋಟೆ ಬಂಡೆಗಲ್ಲಿನ ಬೆಟ್ಟದ ಮೇಲಿದೆ' ಎಂಬ ಐದೇ ಪದ.

ಸಿರುಗುಪ್ಪದ ಭತ್ತದ ಬಯಲಿನಲ್ಲಿ ಬೆಳೆದ ಮಕ್ಕಳಿಗೆ ಜೊಳ್ಳೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ರಾಶಿ ದೊಡ್ಡದಾಗಿ ಕಂಡರೂ ತೂರಿದಾಗ ತಾನೆ ಕಾಳೆಷ್ಟೆಂಬುದು ತಿಳಿಯುವುದು. ಆ ಹೊತ್ತಿಗೆ ಮಗುವಿಗೆ ಗಾಬರಿಯಾಗುವುದೂ ಸಹಜ. ಇಷ್ಟೇನೇ? ಇದ್ದದ್ದು ಇಷ್ಟೇ. ಈಗ ಉಳಿತಾಯವಾದ 16 ಪದಗಳಲ್ಲಿ ಹೇಳಬೇಕಾದದ್ದನ್ನು ಹೇಳಬಹುದು. 'ಮೇಲಿನ ಕೋಟೆಯನ್ನು ಹನುಮಪ್ಪ ನಾಯಕ ಕಟ್ಟಿಸಿದ. ಕೆಳಗಿನದನ್ನು 18ನೆಯ ಶತಮಾನದಲ್ಲಿ ಹೈದರಾಲಿ ಕಟ್ಟಿಸಿದ.' ಇದಕ್ಕೆ ಹತ್ತೇ ಪದ ಸಾಕಾಯಿತು. ಮಿಕ್ಕ ಆರರಲ್ಲಿ ಕುಂಬಾರ ಗುಡ್ಡದ ಕಥೆಗೆ ಬಾಗಿಲು ತೆರೆಯಬಹುದು. ಪಕ್ಕದ ಗುಡ್ಡ ಕೋಟೆಗಿಂತ ಎತ್ತರವೆಂದು ಗಮನಿಸದ ಫ್ರೆಂಚ್ ಎಂಜಿನಿಯರನನ್ನು ಹೈದರಾಲಿ ಗಲ್ಲಿಗೇರಿಸಿದನೆಂಬ ಕಥೆಯನ್ನು ಊರಿನವರು ಹೇಳುತ್ತಲೇ ಬಂದಿದ್ದಾರೆ. ಪ್ರಬಂಧದಲ್ಲಿ ಮಾತ್ರ ಅದಕ್ಕೆ ಜಾಗವಿರಲಿಲ್ಲ!

ಬಿರುದುಗಳ ಭಾರ

ಕುರುಗೋಡು 12ನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮಾಂಡಲಿಕರಾದ ಸಿಂದರ ಊರು. ಆ ಕಾಲದ ಕನ್ನಡ ಶಾಸನಗಳಲ್ಲಿ ಅರಸನ ಹೆಸರು ಬರುವ ಮೊದಲು ಬಿರುದುಗಳ ಸಾಲೇ ಮೆರವಣಿಗೆ ಹೊರಡುತ್ತದೆ. ಅದನ್ನು ಹಳಿಯಬೇಕಾಗಿಲ್ಲ, ಅದು ಸಭೆಯ ಮರ್ಯಾದೆ. ಆದರೆ ದತ್ತಿಯ ಭಾಗಕ್ಕೆ ಬಂದೊಡನೆ ಅದೇ ಶಾಸನದ ಮಾತು ಬಿಗಿಯಾಗುತ್ತದೆ. ಕೊಟ್ಟವರು ಯಾರು, ಯಾವ ದೇವರಿಗೆ, ಎಷ್ಟು ಭೂಮಿ, ಎಲ್ಲೆ ಯಾವುದು. ಅಲ್ಲಿ ಒಂದು ಪದ ತಪ್ಪಿದರೂ ಜಗಳ. ನಮ್ಮ ಶಾಲಾ ಪ್ರಬಂಧಗಳು ಶಾಸನದಿಂದ ಪ್ರಶಸ್ತಿಯನ್ನು ಮಾತ್ರ ಎತ್ತಿಕೊಂಡು ದತ್ತಿಯನ್ನು ಬಿಟ್ಟುಬಂದಂತಿವೆ.

ರಜಾ ಅರ್ಜಿಯದೂ ಇದೇ ಪಾಡು. 'ಈ ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನಗೆ ತೀವ್ರತರವಾದ ಜ್ವರವಿರುವ ಕಾರಣದಿಂದಾಗಿ...' ಇಲ್ಲಿ 'ಕಾರಣದಿಂದಾಗಿ' ಬೇಡ, 'ಜ್ವರವಿರುವುದರಿಂದ' ಸಾಕು. 'ದಯವಿಟ್ಟು' ಮಾತ್ರ ಇರಲಿ. ವಿನಯಕ್ಕೆ ಕತ್ತರಿ ಹಾಕುವುದು ಮಿತವ್ಯಯವಲ್ಲ.

ಕನ್ನಡ ತಾನಾಗಿಯೇ ಜಿಪುಣ ಭಾಷೆ. 'ಬಂದೆ' ಎಂದರೆ ಸಾಕು, ಬಂದವರು ಯಾರೆಂದು ಕ್ರಿಯಾಪದವೇ ಹೇಳುತ್ತದೆ. 'ಯಾವ ಹುಡುಗನು ನಿನ್ನೆ ಬಂದಿದ್ದನೋ ಆ ಹುಡುಗನು' ಎಂಬ ಆರು ಪದ 'ನಿನ್ನೆ ಬಂದ ಹುಡುಗ' ಎಂಬ ಮೂರರಲ್ಲಿ ಅಡಗುತ್ತದೆ. ಇಂಥ ಸೌಕರ್ಯವಿದ್ದೂ ನಾವು 'ವಾಪಸು ಹಿಂತಿರುಗಿದ', 'ಪುನಃ ಮತ್ತೆ', 'ಆದರೂ ಸಹ', 'ನಡು ಮಧ್ಯರಾತ್ರಿ' ಎಂದೆಲ್ಲ ಬರೆಯುತ್ತೇವೆ. 'ಪರಿಶೀಲನೆಯನ್ನು ಮಾಡಲಾಯಿತು' ಎನ್ನುವ ಕಚೇರಿ ಕನ್ನಡವಂತೂ ಮಕ್ಕಳ ನೋಟ್‌ಬುಕ್ಕಿಗೂ ನುಗ್ಗಿದೆ. 'ಪರಿಶೀಲಿಸಿದರು' ಎಂದರೆ ಯಾರ ಗೌರವಕ್ಕೂ ಕುಂದಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ಕತ್ತರಿಸುವ ಹುಮ್ಮಸ್ಸೂ ಅಪಾಯವೇ. 'ಮನೆ ಮಠ', 'ಹೊಲ ಗದ್ದೆ' ಎಂಬ ಜೋಡಿಗಳಲ್ಲಿ ಎರಡನೆಯದು ದಂಡವಲ್ಲ. 'ಸಣ್ಣ ಸಣ್ಣ ಹನಿ' ಎಂಬಲ್ಲಿ ಒಂದು 'ಸಣ್ಣ' ಹೊಡೆದರೆ ಹನಿಗಳ ರಾಶಿಯೇ ಮಾಯವಾಗುತ್ತದೆ. ಅಶೋಕ ಹೇಳಿದ ಸವಿ ಇದೇ ಇರಬೇಕು.

ಟೆಲಿಗ್ರಾಂ ಇದ್ದ ಕಾಲದಲ್ಲಿ ಈ ವಿದ್ಯೆಯನ್ನು ಅಂಚೆಕಚೇರಿಯ ಕಿಟಕಿಯೇ ಕಲಿಸುತ್ತಿತ್ತು. ಪದಕ್ಕಿಷ್ಟು ಎಂದು ದುಡ್ಡು. ಶಾಲೆಗೆ ಹೋಗದವರೂ ಕೈಬೆರಳು ಮಡಚಿ ಪದ ಎಣಿಸಿ, ತಂದೆಗೆ ಸೀರಿಯಸ್, ಕೂಡಲೇ ಹೊರಡು ಎಂಬಷ್ಟಕ್ಕೆ ಇಡೀ ಸಂಕಟವನ್ನು ಇಳಿಸುತ್ತಿದ್ದರು. 2013ರ ಜುಲೈನಲ್ಲಿ ಆ ಸೇವೆ ನಿಂತಿತು.

ಪರೀಕ್ಷೆಯ ಮೂರು ಗಂಟೆಯಲ್ಲಿ ತಿದ್ದಲು ಬಿಡುವಿರುವುದಿಲ್ಲ. ಆದ್ದರಿಂದ ಅಭ್ಯಾಸ ಮನೆಯಲ್ಲೇ ಆಗಬೇಕು. ಬರೆಯುವಾಗ ಧಾರಾಳವಾಗಿ ಬರೆಯಲಿ. ಬರೆಯುತ್ತಲೇ ಹೊಡೆಯತೊಡಗಿದರೆ ಪೆನ್ನು ನಿಂತೇ ಹೋಗುತ್ತದೆ. ಒಂದು ರಾತ್ರಿ ಕಳೆದ ಮೇಲೆ ಗಟ್ಟಿಯಾಗಿ ಓದಬೇಕು. ಉಸಿರು ಕಟ್ಟಿದ ಕಡೆ, ನಾಲಿಗೆ ಎಡವಿದ ಕಡೆ ಪೆನ್ಸಿಲಿನ ಗೆರೆ. ಒಂದು ಪದ ಮುಚ್ಚಿ ವಾಕ್ಯ ಓದಿ, ಅರ್ಥವೂ ದನಿಯೂ ಕೆಡದಿದ್ದರೆ ಆ ಪದಕ್ಕೆ ರಜೆ. ಪೀಠಿಕೆಯನ್ನು ಪೂರ್ತಿ ತೆಗೆಯುವುದು ಬೇಡ, ಮೌಲ್ಯಮಾಪಕರು ಅದನ್ನು ಹುಡುಕುತ್ತಾರೆ. ಎರಡು ಮೂರು ಸಾಲಿಗೆ ಇಳಿಸಿದರಾಯಿತು.

ತಾಯಿತಂದೆಯರು ವ್ಯಾಕರಣ ಬಲ್ಲವರೇ ಆಗಿರಬೇಕೆಂದಿಲ್ಲ. ಬಳ್ಳಾರಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಇಲ್ಲವೇ ಉರ್ದು. ಮಗು ಓದುವಾಗ ಕೇಳಿಸಿಕೊಂಡು, ಅರ್ಥವಾಗದ ಕಡೆ 'ಹಂಗಂದ್ರೇನು?' ಎಂದರೆ ಸಾಕು. 'ಅಂದ್ರೆ...' ಎಂದು ಮಗು ಬಾಯಲ್ಲಿ ಹೇಳುವ ಮಾತು ಹಾಳೆಯ ಮೇಲಿನದಕ್ಕಿಂತ ಚಿಕ್ಕದಾಗಿಯೂ ಚೊಕ್ಕವಾಗಿಯೂ ಇರುವುದುಂಟು. ಅದನ್ನೇ ಬರೆದುಕೊಳ್ಳಲು ಹೇಳಿ.