120 ಹರ್ಟ್ಜ್ ಫೋನ್ ಇದ್ದರೂ ಗೇಮ್ ಜರ್ಕ್ ಹೊಡೆಯುವುದು ಯಾಕೆ?

ಮೊಬೈಲ್ ಅಂಗಡಿಗೆ ಹೋಗುವ ಹುಡುಗರು ಈಗ ಕ್ಯಾಮೆರಾಕ್ಕಿಂತ ಮೊದಲು ಕೇಳುವುದು ‘ಎಷ್ಟು ಹರ್ಟ್ಜ್?’ ಅಂತ. 60ರ ಬದಲು 120 ಇದ್ದರೆ ಗೇಮ್ ನಯವಾಗಿ ಓಡುತ್ತದೆ ಎಂಬ ನಂಬಿಕೆಯಲ್ಲಿ ಕಂತಿನ ಸಾಲಕ್ಕೂ ಸಹಿ ಹಾಕುತ್ತಾರೆ. ಮನೆಗೆ ತಂದು ಬಿಜಿಎಂಐ ತೆರೆದರೆ ಮತ್ತದೇ ಜರ್ಕ್. ಕಾರಣ ಅರ್ಧ ಫೋನ್‌ನಲ್ಲಿದೆ, ಇನ್ನರ್ಧ ನಮ್ಮ ಕಣ್ಣಿನಲ್ಲಿದೆ.

ಪರದೆಯ ಮೇಲೆ ನಿಜವಾಗಿ ಯಾವುದೂ ಓಡುವುದಿಲ್ಲ. ಒಂದರ ಹಿಂದೆ ಒಂದು ನಿಂತ ಚಿತ್ರ ಬರುತ್ತದೆ. ಅವನ್ನು ಜೋಡಿಸಿ ಚಲನೆ ಮಾಡುವುದು ಮೆದುಳು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಸಾಕು. ಗೇಮ್‌ಗೆ ಯಾಕೆ ಸಾಲದು? ಸಿನಿಮಾ ಕ್ಯಾಮೆರಾ ಪ್ರತಿ ಚಿತ್ರದಲ್ಲೂ ಚಲನೆಯ ಮಸುಕನ್ನು ಹಿಡಿದಿಡುತ್ತದೆ. ಚಿತ್ರಗಳ ನಡುವಿನ ಅಂತರ ಅದರಲ್ಲಿ ಮುಚ್ಚಿಹೋಗುತ್ತದೆ. ಗೇಮ್‌ನ ಚಿತ್ರ ಆ ಕ್ಷಣದಲ್ಲೇ ಲೆಕ್ಕ ಹಾಕಿ ಬರೆದದ್ದು, ಸಾಮಾನ್ಯವಾಗಿ ಚೂಪಾಗಿರುತ್ತದೆ. ಮೇಲಾಗಿ ಬೆರಳು ಆಡಿಸಿದ್ದು ತಕ್ಷಣ ಕಾಣಬೇಕು.

ಕಣ್ಣು ಓಡುತ್ತದೆ, ಚಿತ್ರ ನಿಲ್ಲುತ್ತದೆ

ಗುಂತಕಲ್‌ನಿಂದ ಆದೋನಿ ಕಡೆಗೆ ಹೋಗುವ ರೈಲಿನಲ್ಲಿ ಕೂತು ಚಿಪ್ಪಗಿರಿ ಸೀಮೆಯ ಹೊಲಗಳನ್ನು ನೋಡಿ. ಒಂದು ಮರವನ್ನು ಕಣ್ಣು ಹಿಂಬಾಲಿಸಿದರೆ ಅದು ಸ್ಪಷ್ಟ. ನೋಟ ಕಿಟಕಿಯ ಸರಳಿನ ಮೇಲೆ ನಿಂತರೆ ಅದೇ ಮರ ಕಲಸಿಹೋಗುತ್ತದೆ.

ಗೇಮ್‌ನಲ್ಲೂ ಓಡುವ ಎದುರಾಳಿಯನ್ನು ಕಣ್ಣು ಹಿಂಬಾಲಿಸುತ್ತದೆ. ಆದರೆ ಅವನ ಚಿತ್ರ ಮರದ ಹಾಗೆ ಸರಿಯುವುದಿಲ್ಲ. ಒಂದೆಡೆ ನಿಂತು, ಆಮೇಲೆ ಮುಂದಕ್ಕೆ ಜಿಗಿಯುತ್ತದೆ. 60 ಹರ್ಟ್ಜ್‌ನಲ್ಲಿ ಈ ನಿಲುಗಡೆ 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಕಣ್ಣು ಮುಂದೆ ಹೋಗಿರುತ್ತದೆ, ಅಂಚು ಮಸುಕಾಗುತ್ತದೆ. ಸೆಕೆಂಡಿಗೆ 960 ಪಿಕ್ಸೆಲ್ ಸರಿಯುವ ವಸ್ತು 60ರಲ್ಲಿ ಸುಮಾರು 16 ಪಿಕ್ಸೆಲ್‌ನಷ್ಟು ಕಲಸಿದಂತೆ ಕಾಣುತ್ತದೆ, 120ರಲ್ಲಿ 8 ಮಾತ್ರ. ಆದರೆ ಗೇಮ್ ಕೂಡ 120 ಚಿತ್ರ ಕೊಡಬೇಕು.

ಸರಾಸರಿ ನಂಬಬೇಡಿ

ಹರ್ಟ್ಜ್ ಅಂದರೆ ಪರದೆಯ ವೇಗ. ಎಫ್‌ಪಿಎಸ್ ಅಂದರೆ ಗೇಮ್ ಕೊಡುವ ಚಿತ್ರಗಳ ಲೆಕ್ಕ. ಗೇಮ್ 40 ಕೊಟ್ಟರೆ 120ರ ಪರದೆ ಒಂದೊಂದನ್ನೂ ಮೂರು ಸಲ ತೋರಿಸುತ್ತದೆ, ಅಷ್ಟೇ.

ತಿಂಗಳ ಸರಾಸರಿ ವ್ಯಾಪಾರ ಚೆನ್ನಾಗಿದ್ದರೂ ನಡುವೆ ನಾಲ್ಕು ದಿನ ಗಲ್ಲಾ ಖಾಲಿಯಾದರೆ ಅಂಗಡಿಯವನಿಗೆ ಕಷ್ಟ ತಾನೇ? ಇಲ್ಲೂ ಹಾಗೆಯೇ. ಸರಾಸರಿ 60 ಇದ್ದರೂ ಒಂದು ಚಿತ್ರ 8 ಮಿಲಿಸೆಕೆಂಡಿಗೆ, ಇನ್ನೊಂದು 25ಕ್ಕೆ ಬಂದರೆ ಕಣ್ಣು ಅದನ್ನು ಹಿಡಿದುಬಿಡುತ್ತದೆ. ಹೀಗೆ ಏರಿಳಿಯುವ 60ಕ್ಕಿಂತ ಒಂದೇ ಲಯದಲ್ಲಿ ಬರುವ 40 ಎಷ್ಟೋ ಸಲ ನಯವಾಗಿ ಕಾಣುತ್ತದೆ.

ಫೋನ್ ಬಿಸಿಯಾದರೆ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಆದ್ದರಿಂದ ಅಂಗಡಿಯ ಎಸಿಯಲ್ಲಿ ಎರಡು ನಿಮಿಷ ಆಡಿ ನೋಡಿದ್ದು ಲೆಕ್ಕಕ್ಕಿಲ್ಲ. ಅದೇ ಮಾಡೆಲ್ ಇರುವ ಗೆಳೆಯನ ಫೋನ್‌ನಲ್ಲಿ ಅರ್ಧ ಗಂಟೆ ಆಡಿ ನೋಡಿ. ಅದಕ್ಕೂ ಮೊದಲು ಕೈಯಲ್ಲಿರುವ ಫೋನ್‌ನಲ್ಲೇ ಗ್ರಾಫಿಕ್ಸ್ ಒಂದು ಹಂತ ಇಳಿಸಿ, ಚಾರ್ಜ್‌ಗೆ ಹಾಕಿಕೊಂಡು ಆಡುವುದನ್ನು ಬಿಡಿ. ಜರ್ಕ್ ಅಷ್ಟಕ್ಕೇ ನಿಂತರೆ ಕಂತಿನ ದುಡ್ಡು ಉಳಿಯಿತು.